ಅತ್ತಿಗೆಯ ಎರಡು ಬೆರಳು

ನನ್ನ ಗಂಡನ ಅಕ್ಕನ ಕೈಯಲ್ಲಿ ಶಕ್ತಿ ಇಲ್ಲವಂತೆ. ಹೋದ ವಾರವೆಲ್ಲ ಈ ಮನೆಯಲ್ಲಿ ಇದೇ ಮಾತು, ನೆನೆದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಅದಕ್ಕೇ ಬರೆದಿಡುತ್ತಿದ್ದೇನೆ. ನಾಳೆ ನನ್ನ ಮಗಳು ದೊಡ್ಡವಳಾದಾಗ ಅವಳ ಸೋದರತ್ತೆಯ ಕೈ ಎಂಥದ್ದು ಎಂದು ಯಾರೂ ಅವಳಿಗೆ ಸುಳ್ಳು ಹೇಳಬಾರದು.

ಅತ್ತಿಗೆ ಹೆಂಗಸರ ಕೂದಲು ಕತ್ತರಿಸುವವರು. ಮುಖ್ಯರಸ್ತೆಯ ಔಷಧಿ ಅಂಗಡಿಯ ಮೇಲೆ ಅವರದೊಂದು ಕೋಣೆ. ಒಳಗೆ ತಿರುಗುವ ಕುರ್ಚಿ, ಗೋಡೆಯುದ್ದದ ಕನ್ನಡಿ. ಬೆಳಗಿನಿಂದ ಸಂಜೆಯವರೆಗೆ ನಿಂತೇ ಕೆಲಸ. ಬಲಗೈ ಹೆಬ್ಬೆರಳಿನ ಬುಡದಲ್ಲಿ ಕತ್ತರಿ ಉಜ್ಜಿ ಉಜ್ಜಿ ಚರ್ಮ ಜಡ್ಡುಗಟ್ಟಿದೆ. ಮಾವ ತೀರಿಕೊಂಡ ಮೇಲೆ ತಮ್ಮನನ್ನು ಓದಿಸಿದ್ದು ಆ ಕೈ. ನನ್ನ ಬಾಣಂತನದಲ್ಲಿ ಮಗುವನ್ನು ಹೆಗಲಿಗೆ ಹಾಕಿಕೊಂಡು ಬೆನ್ನು ಸವರಿ ತೇಗು ಬರಿಸುತ್ತಿದ್ದದ್ದೂ ಆ ಕೈಯೇ. ನಾನು ಸವರಿದರೆ ತೇಗದ ಮಗು ಅವರು ಮುಟ್ಟಿದ ತಕ್ಷಣ ತೇಗುತ್ತಿತ್ತು.

ನಲವತ್ತು ದಾಟಿದ ಮೇಲೆ ಅವರು ತಮಗೆಂದು ಕೊಂಡದ್ದು ಒಂದೇ ವಸ್ತು, ಒಂದು ಕೆಂಪು ಸ್ಪೋರ್ಟ್ಸ್ ಬೈಕು. ಟ್ಯಾಂಕಿನ ಮೇಲೆ ಬಗ್ಗಿ ಓಡಿಸುವಂಥದ್ದು. ಮೊದಲ ದಿನ ನಮ್ಮ ಅತ್ತೆ ಅದರ ಸುತ್ತ ಒಂದು ಸುತ್ತು ಬಂದು, "ಇದೇನೇ, ಹೊರಡೋಕೆ ಮುಂಚೇನೇ ಮುಗ್ಗರಿಸಿದ ಹಾಗಿದೆ!" ಎಂದಿದ್ದರು.

"ನಾನೂ ದಿನವಿಡೀ ಬಗ್ಗೇ ಇರ್ತೀನಲ್ಲಮ್ಮ. ಜೋಡಿ ಸರಿಹೋಯ್ತು ಬಿಡು," ಎಂದಿದ್ದರು ಅತ್ತಿಗೆ.

ಇತ್ತೀಚೆಗೆ ಅದರ ಮುಂದಿನ ಬ್ರೇಕು ಕೈಕೊಡತೊಡಗಿತ್ತು. ಒತ್ತಿದರೆ ಲಿವರ್ ಮೆತ್ತಗೆ ಹಿಡಿಯವರೆಗೂ ಬಂದುಬಿಡುತ್ತಿತ್ತು. ಹ್ಯಾಂಡಲ್‌ನ ಬಲಗಡೆ ಕೂತಿರುವ ಮಾಸ್ಟರ್ ಸಿಲಿಂಡರ್ ಸವೆದಿದೆ ಎಂದು ಗೊತ್ತಾಯಿತು. ಲಿವರ್ ಒತ್ತಿದಾಗ ಅದರೊಳಗಿನ ಪಿಸ್ಟನ್ ಬ್ರೇಕ್ ಎಣ್ಣೆಯನ್ನು ಕೊಳವೆಗೆ ತಳ್ಳುತ್ತದೆ, ಆ ಒತ್ತಡಕ್ಕೆ ಚಕ್ರ ನಿಲ್ಲುತ್ತದೆ. ಹೇಗೂ ಬದಲಿಸುವುದೇ ಆದರೆ ಮೊದಲಿದ್ದದ್ದಕ್ಕಿಂತ ಒಳ್ಳೆಯದನ್ನೇ ಹಾಕಿಸೋಣ ಎಂದು ಅತ್ತಿಗೆ ವಿಚಾರಿಸಿ, ಚಿಕ್ಕ ಪಿಸ್ಟನ್ನಿನದು ಬೇಕೆಂದು ತಮ್ಮನಿಗೆ ಹೇಳಿದರು.

"ಎರಡು ಬೆರಳಿಗೆ ಹಿಡೀಬೇಕು ಕಣೋ. ಸಂಜೆ ಅಂಗಡಿ ಮುಚ್ಚೋ ಹೊತ್ತಿಗೆ ಈ ಕೈಯಲ್ಲಿ ಉಳಿದಿರೋದೇ ಅಷ್ಟು."

ನನ್ನ ಗಂಡ ಲಿಫ್ಟ್ ರಿಪೇರಿ ಮಾಡುವವರು. ಹತ್ತು ಮಹಡಿಯ ಲಿಫ್ಟ್ ನಿಲ್ಲಿಸುವವನಿಗೆ ಒಂದು ಬೈಕು ಯಾವ ಲೆಕ್ಕ ಎಂಬ ಜಂಬ. "ಚಿಕ್ಕದಾ? ರೇಸಿಗೆ ಹೋಗೋರೆಲ್ಲ ದೊಡ್ಡದೇ ಹಾಕೋದಕ್ಕ!"

"ನಾನು ರೇಸಿಗೆ ಹೋಗ್ತಿಲ್ಲ. ಮನೆಗೆ ಬರ್ತೀನಿ. ಚಿಕ್ಕದು ತಾ."

"ಆಯ್ತು, ಆಯ್ತು."

ಆ ಎರಡು 'ಆಯ್ತು' ನೆನೆದರೆ ಈಗಲೂ ಹಲ್ಲು ಕಡಿಯುವಂತಾಗುತ್ತದೆ. ಅವರು ತಂದದ್ದು ದೊಡ್ಡದನ್ನು. ಹಾಕಿ, ತಮ್ಮ ಕೈಯಲ್ಲಿ ಒತ್ತಿ ನೋಡಿ, "ಆಹಾ, ಕಲ್ಲು ಇದ್ದ ಹಾಗಿದೆ!" ಎಂದು ಬೀಗಿದರು. ಅತ್ತಿಗೆ ಹತ್ತಿ ಒತ್ತಿ, "ಗಟ್ಟಿ ಇದೆಯಲ್ಲೋ?" ಎಂದಾಗ, "ಹೊಸದಲ್ವಾ, ಪಳಗುತ್ತೆ," ಎಂದರು. ತಮ್ಮನ ಮಾತನ್ನು ಅತ್ತಿಗೆ ನಂಬಿದರು.

ಅಂದು ಸಂಜೆ ಊರಿನ ನೀರಿನ ಟ್ಯಾಂಕಿನ ಪಕ್ಕದ ಇಳಿಜಾರಿನಲ್ಲಿ ಮುಂದಿದ್ದ ವ್ಯಾನು ತಟ್ಟನೆ ನಿಂತಿತು. ಅತ್ತಿಗೆ ಒತ್ತಿದರು. ದಿನವಿಡೀ ಕತ್ತರಿ ಆಡಿಸಿ ಸೋತಿದ್ದ ಕೈಗೆ ಲಿವರ್ ಬಗ್ಗಲೇ ಇಲ್ಲ. ಹಿಂದಿನ ಬ್ರೇಕು ತುಳಿದು ಪಕ್ಕಕ್ಕೆ ಹೊರಳಿಸಿದ್ದರಿಂದ ಜೀವ ಉಳಿಯಿತು. ಬಿದ್ದ ರಭಸಕ್ಕೆ ಬಲ ಮಣಿಕಟ್ಟು ಉಳುಕಿತು. ಅದೇ ಕತ್ತರಿಯ ಕೈ.

ಮನೆಗೆ ಬಂದವರಿಗೆ ಸಿಕ್ಕ ಉಪಚಾರ ಏನು ಗೊತ್ತೆ? "ಬ್ರೇಕು ಪರ್ಫೆಕ್ಟಾಗಿದೆ ಅಕ್ಕ. ನಿನ್ನ ಕೈಲಿ ಶಕ್ತಿ ಇಲ್ಲ ಅಷ್ಟೇ." ಅತ್ತೆ ಅಳುತ್ತಾ ಕೀಲಿಕೈಯನ್ನು ಸೆರಗಿಗೆ ಗಂಟು ಹಾಕಿಕೊಂಡರು. ಮರುದಿನವೇ ನನ್ನ ಗಂಡ ಕೆಲಸದ ಕಡೆಯ ಗೆಳೆಯನಿಗೆ ಫೋನ್ ಮಾಡಿ, ಭಾನುವಾರ ಬಂದು ಬೈಕು ನೋಡಲು ಹೇಳಿಬಿಟ್ಟರು. ಅದು ಯಾರ ಬೈಕು? ಯಾರನ್ನು ಕೇಳಿ ಮಾರುತ್ತಿದ್ದಾರೆ? ಅತ್ತಿಗೆ ಕೈಗೆ ಪಟ್ಟಿ ಸುತ್ತಿಕೊಂಡು ಕಿಟಕಿಯ ಹತ್ತಿರ ಕೂತುಬಿಟ್ಟರು. "ಇರಬಹುದು ಕಣೇ, ವಯಸ್ಸಾಯ್ತೇನೋ," ಎಂದರು ನನ್ನ ಹತ್ತಿರ. ಅವರ ಬಾಯಲ್ಲಿ ಆ ಮಾತು ಕೇಳಿ ನನಗೆ ತಡೆಯಲಾಗಲಿಲ್ಲ.

ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ವರಾಂಡಕ್ಕೆ ಹೋದೆ. ಲಿವರ್ ಒತ್ತಿದೆ. ಜಪ್ಪಯ್ಯ ಅಂದರೂ ಅಲುಗಲಿಲ್ಲ. ನಾನು ತುಂಬಿದ ಬಿಂದಿಗೆ ಎತ್ತುವವಳು. ಬಗ್ಗಿ ನೋಡಿದರೆ ಸಿಲಿಂಡರಿನ ಮೈಮೇಲೆ ಪಿಸ್ಟನ್ನಿನ ಅಳತೆ ಅಚ್ಚಾಗಿತ್ತು. ಅತ್ತಿಗೆಯನ್ನು ಕೂಗಿದೆ. ಬಂದು ನೋಡಿದರು, ಮುಖ ಕೆಂಪಾಯಿತು.

"ಇದು ನಾನು ಹೇಳಿದ್ದಲ್ಲ," ಎಂದರು.

ನಾನು ಇಡೀ ಮನೆಯನ್ನು ವರಾಂಡಕ್ಕೆ ಕರೆದೆ. "ಅತ್ತೆ, ಇದನ್ನ ಒಂದು ಸಲ ಒತ್ತಿ ನೋಡಿ."

"ಅಯ್ಯೋ, ನನಗ್ಯಾಕಮ್ಮ?"

"ಒತ್ತಿ ಅತ್ತೆ."

ಒತ್ತಿದರು. ಎರಡೂ ಕೈ ಹಾಕಿದರು. "ಇದೇನೋ ಇದು, ತುಕ್ಕು ಹಿಡಿದ ಬಾಗಿಲು ಇದ್ದ ಹಾಗಿದೆ!" ಎಂದು ಮಗನ ಕಡೆ ತಿರುಗಿದರು.

"ನನಗೆ ಸಲೀಸಾಗಿ ಬರುತ್ತಲ್ಲ," ಎಂದರು ಇವರು.

"ನಿಮಗೆ ಬರುತ್ತೆ ರೀ! ನಿಮ್ಮ ಕಾಲಿನ ಅಳತೆಗೆ ಚಪ್ಪಲಿ ತಂದು, ಅಕ್ಕನಿಗೆ ನಡೆಯೋಕೆ ಬರಲ್ಲ ಅಂತೀರಲ್ಲ, ನಾಚಿಕೆ ಆಗಲ್ವಾ?" ಒಳಗಿನಿಂದ ಔಷಧಿ ಕುಡಿಸುವ ಎರಡು ಸಿರಿಂಜು ತಂದೆ. "ಇದರೊಳಗಿರೋದೂ ಪಿಸ್ಟನ್ನೇ. ಸಣ್ಣದನ್ನ ನಾನು ಒಂದು ಬೆರಳಲ್ಲಿ ತಳ್ತೀನಿ. ದಪ್ಪದ್ದಕ್ಕೆ ಅಂಗೈ ಊರಬೇಕು. ನಿಮ್ಮ ಮಗಳಿಗೆ ದಿನಾ ಔಷಧಿ ಹಾಕಿದ್ರೆ ಇದು ನಿಮಗೂ ಗೊತ್ತಿರ್ತಿತ್ತು!"

ಮಗು ಚಪ್ಪಾಳೆ ತಟ್ಟಿತು.

ಅತ್ತಿಗೆ ಒಂದು ಮಾತೂ ಬೈಯಲಿಲ್ಲ. "ಪಳಗುತ್ತೆ ಅಂದೆಯಲ್ಲೋ. ಕೇಳಿದಾಗಲಾದ್ರೂ ನಿಜ ಹೇಳಬಹುದಿತ್ತು," ಎಂದಷ್ಟೇ ಹೇಳಿ ಚಪ್ಪಲಿ ಮೆಟ್ಟಿ ಬಿಡಿಭಾಗದ ಅಂಗಡಿಗೆ ನಡೆದೇ ಹೋದರು. ನಾನು ಕೂಗಾಡಿದ್ದಕ್ಕಿಂತ ಇವರಿಗೆ ಅದೇ ಹೆಚ್ಚು ನಾಟಿತು.

ಭಾನುವಾರ ಬೆಳಗ್ಗೆ ಕೆಲಸಕ್ಕೆ ಕೂತೆವು. ಇವರು ಸ್ಪ್ಯಾನರ್ ಹಿಡಿದು ಬಂದರು. "ನೀನು ಮಗು ಹಿಡ್ಕೋ," ಎಂದರು ಅತ್ತಿಗೆ. ಅವರ ಒಂದು ಕೈ, ನನ್ನ ಎರಡು ಕೈ. ಬ್ರೇಕ್ ಎಣ್ಣೆ ತಾಗಿದರೆ ಬಣ್ಣ ಏಳುತ್ತದಂತೆ, ಟ್ಯಾಂಕಿನ ಮೇಲೆ ಮಗುವಿನ ಹಳೆಯ ಬಟ್ಟೆಗಳನ್ನು ದಪ್ಪಗೆ ಹೊದಿಸಿದೆ. ದೊಡ್ಡದನ್ನು ಬಿಚ್ಚಿ ಚಿಕ್ಕದನ್ನು ಕೂರಿಸಿದೆವು. ಆಮೇಲೆ ಕೊಳವೆಯಲ್ಲಿ ಸಿಕ್ಕಿಕೊಂಡ ಗಾಳಿಯನ್ನು ಹೊರಹಾಕಬೇಕು. ಇಲ್ಲದಿದ್ದರೆ ಎಷ್ಟು ಒತ್ತಿದರೂ ಬ್ರೇಕು ಹಿಡಿಯುವುದಿಲ್ಲ.

"ಒತ್ತು. ಹಾಗೇ ಹಿಡ್ಕೋ." ಅತ್ತಿಗೆ ಚಕ್ರದ ಹತ್ತಿರ ಕೂತು ಎಡಗೈಯಲ್ಲಿ ಸ್ಕ್ರೂ ಸಡಿಲಿಸುವರು, ತೆಳು ಕೊಳವೆಯಲ್ಲಿ ಗುಳ್ಳೆಗಳು ಬುಳುಬುಳು ಬರುವವು, ಬಿಗಿ ಮಾಡುವರು. "ಈಗ ಬಿಡು."

"ಅತ್ತಿಗೆ, ಇದು ಥೇಟ್ ಮಗುವಿಗೆ ತೇಗು ಬರಿಸಿದ ಹಾಗೇ."

"ಅದಕ್ಕೇ ನಿನ್ನ ಗಂಡನಿಗೆ ಬರಲಿಲ್ಲ," ಎಂದರು. ಆ ವಾರದಲ್ಲಿ ಅವರು ನಕ್ಕದ್ದು ಅದೇ ಮೊದಲು.

ಗುಳ್ಳೆ ನಿಂತ ಮೇಲೆ ಅತ್ತಿಗೆ ಎದ್ದರು. ಪಟ್ಟಿಯಿಂದ ಹೊರಗಿಣುಕಿದ್ದ ಎರಡು ಬೆರಳನ್ನು ಲಿವರ್ ಮೇಲಿಟ್ಟು ಒತ್ತಿದರು. ಅದು ಸ್ವಲ್ಪ ದೂರ ಬಂದು, ಗಟ್ಟಿಯಾಗಿ ನಿಂತಿತು. ಬೈಕನ್ನು ಮುಂದೆ ತಳ್ಳಿ ನೋಡಿದೆ. ಚಕ್ರ ಕದಲಲಿಲ್ಲ.

"ಸ್ವಲ್ಪ ಮೆತ್ತಗಾಯ್ತೇನೋ," ಎಂದರು ಇವರು, ಸುಮ್ಮನಿರಲಾರದೆ.

"ನಿನಗೆ ಮೆತ್ತಗೆ. ಓಡಿಸೋದು ನೀನಾ?"

ಅಷ್ಟರಲ್ಲಿ ಗೇಟಿನ ಹತ್ತಿರ ಇವರ ಗೆಳೆಯ ಬಂದು ನಿಂತ. "ಇದೇನಾ ಮಾರೋ ಬೈಕು?"

ಎಲ್ಲರೂ ಇವರ ಮುಖ ನೋಡಿದೆವು. ಮಗು ಇವರ ಮೀಸೆ ಹಿಡಿದು ಎಳೆಯುತ್ತಿತ್ತು. "ನಂದಲ್ಲ ಮಾರಾಯ, ಅಕ್ಕಂದು," ಎಂದರು. "ಕೇಳದೇ ನಿನ್ನ ಕರೆದೆ, ತಪ್ಪಾಯ್ತು."

ಆ 'ತಪ್ಪಾಯ್ತು' ಗೆಳೆಯನಿಗಲ್ಲ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಆದರೂ ಅಕ್ಕನ ಕಡೆ ತಿರುಗಿ ಹೇಳಬಹುದಿತ್ತಲ್ಲ? ಅತ್ತೆ ಸೆರಗಿನ ಗಂಟು ಬಿಚ್ಚಿ ಕೀಲಿಕೈಯನ್ನು ಮಗಳ ಅಂಗೈಯಲ್ಲಿಟ್ಟರು. "ಕೈ ವಾಸಿಯಾಗೋವರೆಗೂ ಮುಟ್ಟಬೇಡ," ಎಂದರು, ಗದರಿಸುವ ದನಿಯಲ್ಲೇ.

ಅತ್ತಿಗೆ ತಮ್ಮನನ್ನು ಆಗಲೇ ಕ್ಷಮಿಸಿರಬಹುದು, ಅವರ ಗುಣವೇ ಅದು. ನನ್ನದು ಅಷ್ಟು ಬೇಗ ಇಳಿಯುವ ಸಿಟ್ಟಲ್ಲ. ಆ ದೊಡ್ಡ ಸಿಲಿಂಡರನ್ನು ಹಳೆಯ ಬಟ್ಟೆಯಲ್ಲಿ ಒರೆಸಿ, ಇವರು ದಿನವೂ ಗಡ್ಡ ಕೆರೆಯುವ ಕನ್ನಡಿಯ ಕೆಳಗೆ ಇಟ್ಟಿದ್ದೇನೆ. ತೆಗೆದಿಡಲಾ ಎಂದು ಇವತ್ತು ಕೇಳಿದರು. ಬೇಡ ಎಂದೆ.