ಬಾವಿಯ ಮುಳ್ಳು ಸೊನ್ನೆಗೆ ಇಳಿಯಲಿಲ್ಲ

ಪೆಮ್ಮಯ್ಯನವರು ನೆಮ್ಮದಿಯಾಗಿ ಕೂತದ್ದನ್ನು ದೆಹಲಿಯ ನಮ್ಮ ಕಿದ್ವಾಯಿ ನಗರದಲ್ಲಿ ಯಾರೂ ಕಂಡಿಲ್ಲ. ಚಹಾ ಕೊಟ್ಟರೂ ಬಾಗಿಲಲ್ಲೇ ನಿಂತು ಕುಡಿಯೋರು. ಕೊಡಗಿನವರು, ಮಿಲಿಟರಿಯಲ್ಲಿ ಸುಬೇದಾರರಾಗಿದ್ದು ರಿಟೈರಾದವರು. ಮಗಳು ಬೋಜಮ್ಮ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸು. ಅವಳಿಗೆ ಸಿಕ್ಕಿದ ಕ್ವಾರ್ಟರ್ಸು ನಮ್ಮ ಮನೆಯ ಮೇಲ್ಗಡೆ. ಆ ಚಳಿಗಾಲವೆಲ್ಲ ನನ್ನ ತಲೆಯ ಮೇಲೆ ಅವರ ಬೂಟು ಆ ಗೋಡೆಯಿಂದ ಈ ಗೋಡೆಗೆ ಓಡಾಡಿದ್ದೇ ಓಡಾಡಿದ್ದು. ಎರಡು ಸಾವಿರದ ಆರನೇ ಇಸವಿ ಇರಬೇಕು.

ಕಾರಣ ಒಂದು ಬಾವಿ. ನೀರಿನದಲ್ಲ, ಗ್ಯಾಸಿನದು. ಹೀಲಿಯಂ ಅಂತಾರೆ. ಹುಟ್ಟುಹಬ್ಬದ ಬಲೂನಿಗೆ ತುಂಬ್ತಾರಲ್ಲ, ಅದೇ. "ಬಲೂನ್ ಬಿಡಿ ಮನೋರಮಾ ಆಂಟಿ, ನಮ್ಮ ಆಸ್ಪತ್ರೆ ಸ್ಕ್ಯಾನಿಂಗ್ ಮೆಷಿನ್ನು ತಣ್ಣಗಿರೋಕೆ ಅದೇ ಬೇಕು," ಅಂತ ಬೋಜಮ್ಮ ಹೇಳಿದ ಮೇಲೆ ನನಗೂ ಅದರ ಮೇಲೆ ಮರ್ಯಾದೆ ಬಂತು.

ಹರಿಯಾಣದ ಮಾನೇಸರ್ ದಾಟಿ, ಗುಡ್ಡದ ಕೆಳಗಿನ ಒಂದು ಹಳ್ಳಿಯಲ್ಲಿ ಸಣ್ಣದೊಂದು ಕಂಪನಿ ಬಾವಿ ಕೊರೆಸಿತ್ತು. ರಿಟೈರಾದ ಮೇಲೆ ಆ ಕಂಪನಿಯ ಸೂಪರ್‌ವೈಸರಾಗಿ, ಅಲ್ಲಿ ಹಗಲೂ ರಾತ್ರಿ ನಿಂತು ಕೊರೆಸಿದವರು ಪೆಮ್ಮಯ್ಯನವರೇ. ಗ್ಯಾಸು ಸಿಕ್ಕಿತು. ಅದನ್ನು ಶುದ್ಧ ಮಾಡೋ ಮೆಷಿನ್ನು ಮಾತ್ರ ಬರಲಿಲ್ಲ. ಬರುವ ತನಕ ಅಂತ ಬಾವಿಗೆ ಬೀಗ ಬಿತ್ತು. ಅವರ ಪಲ್ಟನ್ನಿನ ಹಳೇ ಜನ, "ಸಾಬ್ ಇದ್ದಾರಲ್ಲ" ಅಂದುಕೊಂಡು ಸಾಲಾಗಿ ಬಂದು ಷೇರು ತೊಗೊಂಡಿದ್ದರು. ನಮ್ಮೆಜಮಾನರು ತೀರಿಹೋದ ಮೇಲೆ ಬಂದ ದುಡ್ಡಿನಲ್ಲಿ ಒಂದಿಷ್ಟನ್ನು ನನ್ನ ಮಗ ದಿಲೀಪನೂ ಅಲ್ಲೇ ಹಾಕಿದ್ದ, ನನ್ನ ಹೆಸರಿನಲ್ಲಿ.

ಹಾಗೆ ಸುಮ್ಮನಿರಿಸಿದ ಬಾವಿಗೂ ಕಾನೂನಿದೆಯಂತೆ. ಗ್ಯಾಸು ಬರೋ ಕೊಳವೆ ಒಳಗೆ, ಅದರ ಸುತ್ತ ದೊಡ್ಡ ಕೊಳವೆ. ನಡುವಿನ ಸಂದಿಗೆ ಗಡಿಯಾರದ ಹಾಗೆ, ಒತ್ತಡ ತೋರಿಸೋ ಒಂದು ಮೀಟರು. ಮುಳ್ಳು ಸೊನ್ನೆಯಲ್ಲಿ ಮಲಗಿರಬೇಕು. ಮಲಗಿದ್ದರೆ ಬಾವಿ ಇನ್ನೆರಡು ವರ್ಷ ಕಾಯಬಹುದು. ಎದ್ದಿದ್ದರೆ ಒಳಗೆಲ್ಲೋ ಸೋರಿಕೆ ಅಂತ ಅರ್ಥ. ಸಿಮೆಂಟು ತುಂಬಿ ಶಾಶ್ವತವಾಗಿ ಮುಚ್ಚಬೇಕು.

ಬಾವಿ ಇಟ್ಟುಕೊಳ್ಳೋದೋ ಮುಚ್ಚೋದೋ ಅಂತ ಓಖ್ಲಾದ ಕಂಪನಿ ಆಫೀಸಿನಲ್ಲಿ ಷೇರಿನವರ ಸಭೆ ನಿಗದಿಯಾಯಿತು. ಅದಕ್ಕೆ ಮುಂಚಿನ ಭಾನುವಾರ ಪೆಮ್ಮಯ್ಯನವರು ಬಂದು, "ಅಕ್ಕ, ಬಾವಿ ನೋಡಿಕೊಂಡು ಬರೋಣ ಬನ್ನಿ. ನಿಮ್ಮದೂ ಪಾಲಿದೆ," ಅಂದರು. ಧೌಲಾ ಕುವಾಂನಲ್ಲಿ ಹರಿಯಾಣದ ಬಸ್ಸು ಹತ್ತಿದೆವು. ಸೀಟಿದ್ದರೂ ಅವರು ಕೂರಲಿಲ್ಲ.

ಸಾಸಿವೆ ಹೊಲದ ನಡುವೆ ತಂತಿಬೇಲಿ, ಒಳಗೆ ಎದೆಯೆತ್ತರದ ಕಬ್ಬಿಣದ ಕೊಳವೆ. ಇಷ್ಟೇನಾ ಅನ್ನಿಸಿತು. ಅವರು ಮೀಟರಿನ ಗಾಜನ್ನು ಕರ್ಚೀಫಿನಿಂದ ಒರೆಸಿ ಹಿಂದೆ ಸರಿದರು.

"ನನ್ನ ಕಣ್ಣಿಗೆ ಪೊರೆ ಬಂದಿದೆ ಅಂತಾಳೆ ಮಗಳು. ನೀವು ನೋಡಿ ಹೇಳಿ. ಮುಳ್ಳು ಎಲ್ಲಿದೆ?"

"ಎದ್ದಿದೆಯಲ್ರೀ."

"ಸರಿಯಾಗಿ ನೋಡಿ ಅಕ್ಕ."

"ಸೂಜಿಗೆ ದಾರ ಈಗಲೂ ನಾನೇ ಪೋಣಿಸೋದು. ಎದ್ದಿದೆ."

ಹೋದ ವಾರ ತಾವೇ ನಲ್ಲಿ ಬಿಚ್ಚಿ, ಸಂದಿಯಲ್ಲಿದ್ದದ್ದನ್ನೆಲ್ಲ ಹೊರಗೆ ಬಿಟ್ಟು, ಮುಳ್ಳನ್ನು ಸೊನ್ನೆಗೆ ತಂದು ಹೋಗಿದ್ದರಂತೆ. ಮತ್ತೆ ಎದ್ದಿತ್ತು. ಹೊಸ ಮೀಟರೂ ಹಾಕಿ ನೋಡಿದ್ದಾಗಿತ್ತು. ಆ ವಾರ ಬೂಟಿನ ಸದ್ದು ಇನ್ನೂ ಜಾಸ್ತಿಯಾಯಿತು. ಬೋಜಮ್ಮ ಕೆಳಗಿಳಿದು ಬಂದು, "ಪಪ್ಪಾ ಊಟಾನೂ ಓಡಾಡ್ತಾನೇ ಮಾಡ್ತಾರೆ ಆಂಟಿ, ಕ್ಯಾ ಕರೂಂ, ಏನು ಮಾಡಲಿ?" ಅಂತ ಕಣ್ಣೀರು ಹಾಕಿದಳು.

ಸಭೆಯ ದಿನ ಕಂಪನಿಯ ಮ್ಯಾನೇಜರ್ ನಾರಾಯಣಸ್ವಾಮಿ, ನಮ್ಮ ಮೈಸೂರು ಕಡೆಯವರೇ, ಟೈ ಕಟ್ಟಿಕೊಂಡು ಮುಂದೆ ಕೂತಿದ್ದರು. ಮಾತು ಶುರುವಾಯಿತೋ ಇಲ್ಲವೋ ಜಗಳ. ಸೂಟು ಹಾಕಿದ ಒಬ್ಬರು, "ಬಂದ್ ಕರೋ ಜೀ! ಸುಮ್ಮನೆ ಮಲಗಿರೋ ಬಾವಿಗೆ ವರ್ಷಾವರ್ಷ ಖರ್ಚು," ಅಂದರು. ಹಿಂದಿನ ಸಾಲಿನಿಂದ, ಪೆಮ್ಮಯ್ಯನವರ ಪಲ್ಟನ್ನಿನಲ್ಲಿ ಹವಾಲ್ದಾರ್ ಆಗಿದ್ದ ಹರೀಶ್, "ನಿಮ್ಮದು ಎರಡು ದಿನದ ಪ್ರೀತಿ. ನಾವು ಕಾಯೋದರಲ್ಲೇ ಸರ್ವೀಸ್ ಮುಗಿಸಿದೋರು," ಅಂದ. ಎಲ್ಲರೂ ನಕ್ಕರು.

ಪೆಮ್ಮಯ್ಯನವರು ಅವತ್ತು ಕುರ್ಚಿಯ ತುದಿಯಲ್ಲಿ ಕೂತಿದ್ದರು. ಕೊನೆಗೆ ಏನೋ ಹೇಳಲು ದಡಕ್ಕನೆ ಎದ್ದರು. ಅದೇ ಗಳಿಗೆಗೆ ನಾರಾಯಣಸ್ವಾಮಿ, "ಚಲೋ, ಬಾವಿ ಉಳಿಸಿಕೊಂಡು ಕಾಯೋಣ ಅನ್ನೋರು ಎದ್ದು ನಿಲ್ಲಿ," ಅಂದುಬಿಟ್ಟರು.

ಸುಬೇದಾರ್ ಸಾಹೇಬರು ಎದ್ದರೆ ತಾವು ಕೂತಿರೋದು ಆ ಪಲ್ಟನ್ನಿನಲ್ಲೇ ಇಲ್ಲ. ಹರೀಶ್ ಎದ್ದ, ಅವನ ಪಕ್ಕದವನು ಎದ್ದ, ಹಿಂದಿನ ಸಾಲುಗಳೆಲ್ಲ ಕುರ್ಚಿ ಕಿರುಗುಟ್ಟಿಸಿ ಎದ್ದವು. ಅರ್ಧಕ್ಕಿಂತ ಹೆಚ್ಚು ಮಂದಿ ನಿಂತಿದ್ದರು. ಚಪ್ಪಾಳೆಯೋ ಚಪ್ಪಾಳೆ. "ತೀರ್ಮಾನ ಆಯ್ತು," ಅಂದರು ನಾರಾಯಣಸ್ವಾಮಿ. ಮೆಷಿನ್ನೂ ಬರಬಹುದು, ಯಾರು ಕಂಡಿದ್ದಾರೆ ಅಂತ ನನಗೂ ಒಂದು ಆಸೆ ಚಿಗುರಿತು. ಸುಳ್ಳು ಯಾಕೆ ಹೇಳಲಿ.

ಪೆಮ್ಮಯ್ಯನವರು ಹಿಂದಕ್ಕೆ ತಿರುಗಿದರು. ಮುಖ ಬೂದಿ ಬಣ್ಣ.

"ಎಲ್ಲಾ ಕೂತ್ಕೊಳ್ಳಿ."

ಒಂದೇ ಸಲಕ್ಕೆ ಕೂತರು. ಅವರೊಬ್ಬರೇ ನಿಂತರು.

"ಬಾವಿ ಸೋರ್ತಿದೆ. ನಾನೇ ನಿಂತು ಹಾಕಿಸಿದ ಕೊಳವೆ, ನಾನೇ ಹೇಳ್ತಿದ್ದೀನಿ. ಎರಡು ವರ್ಷ ಕಾದರೆ ಒಳಗೆ ಏನೂ ಉಳಿಯೋಲ್ಲ. ಕಾನೂನಿನ ಪ್ರಕಾರ ಕಾಯೋಕೂ ಇಲ್ಲ. ಮುಚ್ಚಿ."

ಹರೀಶ್ ಎದ್ದು, "ನೀವು ಹೇಳಿದ್ದಕ್ಕೆ ಬಂದ್ವಿ ಸಾಬ್. ಈಗ ನೀವೇ ಮುಚ್ಚಿ ಅಂತೀರಾ?" ಅಂತ ಹೊರಗೆ ನಡೆದುಬಿಟ್ಟ.

ಕೊನೆಗೆ ಮುಚ್ಚೋದು ಅಂತಲೇ ಆಯಿತು. ನಾರಾಯಣಸ್ವಾಮಿ ಮೆಟ್ಟಿಲ ಹತ್ತಿರ ಪೆಮ್ಮಯ್ಯನವರನ್ನು ತಡೆದು ನಿಲ್ಲಿಸಿ, "ಏನ್ರೀ ಇದು, ಸರ್ಕಾರದವರು ಬಂದು ನೋಡೋ ತನಕ ಸುಮ್ಮನಿದ್ದಿದ್ದರೆ ಷೇರು ಮಾರಿಕೊಳ್ಳೋರು ಮಾರಿಕೊಳ್ತಿದ್ದರು," ಅಂದರು.

"ಕೊಂಡುಕೊಳ್ಳೋನೂ ಯಾರದೋ ಮನೆ ಮಗ ಅಲ್ಲವಾ?" ಅಂದರು ಪೆಮ್ಮಯ್ಯನವರು. "ಸಿಮೆಂಟು ಹಾಕೋ ದಿನ ನನ್ನನ್ನ ಕರೀರಿ. ಅಷ್ಟು ಮಾಡಿ."

ಕರೆದರು. ಬೋಜಮ್ಮನ ಜೊತೆ ನಾನೂ ಹೋದೆ. ಬೆಳಗ್ಗೆಯಿಂದ ಪಂಪು ಗುಡುಗುತ್ತಿತ್ತು. ಪೆಮ್ಮಯ್ಯನವರು ಬೇಲಿಯ ಸುತ್ತ ತಿರುಗುತ್ತ, ಸಿಮೆಂಟು ನೀರಾಯಿತು ಅಂತ ಕೂಲಿಯವರನ್ನು ಬೈಯುತ್ತ, ಮತ್ತೆ ತಿರುಗುತ್ತ ಇದ್ದರು. ಮಧ್ಯಾಹ್ನದ ಹೊತ್ತಿಗೆ ಹರೀಶ್ ಬಂದ. ಯಾರಿಗೂ ಮುಖ ಕೊಡದೆ ಅಂಗಿಯ ತೋಳು ಮಡಚಿ ಮೂಟೆಗೆ ಹೆಗಲು ಕೊಟ್ಟ.

ಹೊತ್ತು ಇಳಿಯುವಾಗ ಸಿಮೆಂಟು ಬಾಯಿಯ ತನಕ ಬಂತು. ಪೆಮ್ಮಯ್ಯನವರು ಬಗ್ಗಿ ನೋಡಿ, "ರಾತ್ರಿ ಇದು ಕುಸೀತದೆ. ನಾಳೆ ಬಂದು ಇನ್ನಷ್ಟು ಹಾಕಬೇಕು," ಅಂದರು, ಯಾರಿಗೂ ಅಲ್ಲ ಅನ್ನುವ ಹಾಗೆ.

"ಎಷ್ಟು ಹೊತ್ತಿಗೆ ಬರಲಿ ಸಾಬ್?" ಅಂದ ಹರೀಶ್. ದನಿಯಲ್ಲಿ ಸಿಟ್ಟು ಹಾಗೇ ಇತ್ತು.