ಇನಾಮದಾರರ ಹದಿನೆಂಟು ಅಡಿ

ಚಿಕಾಗೋದಲ್ಲಿ ಮೊಣಕಾಲುದ್ದ ಹಿಮ ಬಿದ್ದ ಮರುದಿನ ಬೆಳಿಗ್ಗೆ, ಮಂಗನ ಟೋಪಿ ಧರಿಸಿದ ಗೃಹಸ್ಥರೊಬ್ಬರು ರಸ್ತೆಯಲ್ಲಿ ಕಬ್ಬಿಣದ ಮಡಚುಕುರ್ಚಿಯೊಂದನ್ನು ಇಟ್ಟರು. ಅದರ ಬೆನ್ನಿಗೆ ಕೆಂಪಂಚಿನ ಟವೆಲ್ ಹೊದಿಸಿದರು. ಎರಡು ಹೆಜ್ಜೆ ಹಿಂದೆ ಸರಿದು ನೋಡಿ, ಮತ್ತೆ ಬಂದು ಅರ್ಧ ಅಂಗುಲ ಎಡಕ್ಕೆ ಸರಿಸಿದರು. ವಿಗ್ರಹ ಪ್ರತಿಷ್ಠಾಪನೆಯಲ್ಲೂ ಇಷ್ಟು ಶ್ರದ್ಧೆಯನ್ನು ನಾನು ಕಂಡದ್ದು ಕಡಿಮೆ. ಅವರೇ ನಮ್ಮ ಕೆಳಗಿನ ಮನೆಯ ಇನಾಮದಾರ ಅಂಕಲ್.

ನಮ್ಮದು ಗ್ಯಾರೇಜಿಲ್ಲದ ಹಳೆಯ ಇಟ್ಟಿಗೆ ಕಟ್ಟಡ. ಬಾಡಿಗೆದಾರರ ಕಾರುಗಳೆಲ್ಲ ಬೀದಿಯ ಪಾಲು. ಹಿಮ ಬಿದ್ದರೆ ಎರಡು ತಾಸು ಸಲಿಕೆ ಹಾಕಿ ಕಾರನ್ನು ಹೊರತೆಗೆಯಬೇಕು. ತೆಗೆದು ಆಫೀಸಿಗೆ ಹೋದರೆ ಆ ಜಾಗದಲ್ಲಿ ಇನ್ನೊಬ್ಬ ಬಂದು ನಿಲ್ಲುತ್ತಾನೆ. ಆದ್ದರಿಂದ ಹಿಮ ತೆಗೆದವನು ಅಲ್ಲೊಂದು ಹಳೆಯ ಕುರ್ಚಿ ಇಟ್ಟು ಹೋಗುವುದು ಆ ಊರಿನ ವಾಡಿಕೆ. ಕಾನೂನು ಅದನ್ನು ಒಪ್ಪುವುದಿಲ್ಲ, ಬೀದಿ ಒಪ್ಪುತ್ತದೆ. ಮೈಸೂರಿನವನಾದ ನನಗೆ ಇದು ತಿಳಿಯಲು ಎರಡು ಚಳಿಗಾಲ ಹಿಡಿಯಿತು. ರೋಣದ ಕಡೆಯ ಇನಾಮದಾರರಿಗೆ ಒಂದು ನಿಮಿಷ ಸಾಕಾಯಿತು.

"ಇದು ನಮ್ಮ ಬಸ್‌ಸ್ಟ್ಯಾಂಡಿನ ಟವೆಲ್ ಅಲ್ಲೇನ್ರಿ ಮೈಸೂರು! ಕಿಟಕಿಯಾಗಿಂದ ಒಗದ್ರ ಸೀಟು ನಂದು. ಇಲ್ಲಿ ಕಿಟಕಿ ಇಲ್ಲ, ಅಷ್ಟ ಫರಕು."

ಅವರು ಕಾರಿನ ಬಾಗಿಲುಗಳ ಎಂಜಿನಿಯರು. ಅಮೆರಿಕದಲ್ಲಿ ಒಂಬತ್ತು ಬಾಡಿಗೆ ಮನೆ ಕಂಡವರು. ಗೋಡೆಗೆ ಮೊಳೆ ಹೊಡೆಯಬಾರದೆಂಬ ಕರಾರಿನಿಂದಾಗಿ ಅವರ ಮನೆದೇವರ ಪಟ ಇಪ್ಪತ್ತು ವರ್ಷ ಫ್ರಿಜ್ಜಿನ ತಲೆಯ ಮೇಲೆ ಒರಗಿಯೇ ಪೂಜೆ ಸ್ವೀಕರಿಸಿತ್ತು. ಒಗ್ಗರಣೆ ಹಾಕಿದಾಗಲೆಲ್ಲ ಹೊಗೆಯ ಅಲಾರಾಂ ಕೂಗಿಕೊಳ್ಳುತ್ತಿದ್ದುದನ್ನು ಅವರು ಮಂಗಳಾರತಿಯ ಗಂಟೆಯೆಂದು ಭಾವಿಸಿದ್ದರು. ಅಜ್ಜನಿಗೆ ಇನ್ನೂರ ಹತ್ತು ಎಕರೆ ಎರೆಭೂಮಿ ಇತ್ತಂತೆ. 'ಉಳುವವನೇ ಹೊಲದೊಡೆಯ' ಎಂಬ ಕಾಯಿದೆ ಬಂದು ಹೊಲವೆಲ್ಲ ಉಳುವವರಿಗೆ ಹೋಯಿತು. ಮನೆತನಕ್ಕೆ ಹೆಸರೊಂದು ಉಳಿಯಿತು.

"ನಮ್ಮಜ್ಜ ಒಂದು ದಿನಾನೂ ನೇಗಿಲಾ ಹಿಡೀಲಿಲ್ಲ, ಹೋತು. ನ್ಯಾಯನ ಅದ," ಎನ್ನುತ್ತಿದ್ದರು. "ಈಗ ನಾ ಸಲಿಕಿ ಹಿಡದೀನಿ. ಹದಿನೆಂಟು ಫೂಟು. ಅದರಾಗ ಒಂದು ಇಂಚು ಬಿಡಾಂವಲ್ಲ."

ಒಂದು ದಿನ ಆ ಹದಿನೆಂಟು ಅಡಿಯ ಮೇಲೆ ದಂಡಯಾತ್ರೆ ನಡೆಯಿತು. ಪಕ್ಕದ ಕಟ್ಟಡದ ಮೈಕ್, ಪೀಪಾಯಿಯಂಥ ಆಸಾಮಿ, ಕುರ್ಚಿಯನ್ನು ಎತ್ತಿ ಫುಟ್‌ಪಾತಿಗಿಟ್ಟು ತನ್ನ ಟ್ರಕ್ಕನ್ನು ನಿಲ್ಲಿಸಿಬಿಟ್ಟ. ಇನಾಮದಾರರು ನನ್ನನ್ನು ಸಾಕ್ಷಿಗೆ ಕರೆದುಕೊಂಡು ಹೋಗಿ ಅವನ ಬಾಗಿಲು ಬಡಿದರು. ಅವನ ಹೊಸ್ತಿಲಲ್ಲಿ ನಿಂತು, ಕರ್ನಾಟಕದ ಭೂಸುಧಾರಣೆಯ ಬಗ್ಗೆ ಹತ್ತು ನಿಮಿಷ ಇಂಗ್ಲಿಷಿನಲ್ಲಿ ಉಪನ್ಯಾಸ ಕೊಟ್ಟರು. "ಮೈ ಗ್ರ್ಯಾಂಡ್‌ಫಾದರ್ ನೆವರ್ ಟಚ್ಡ್ ದ ಪ್ಲೌ, ಸರ್. ಸೋ ವಿ ಲಾಸ್ಟ್. ಬಟ್ ಐ ಟಚ್ಡ್ ದ ಶವಲ್!"

ಪೊಲೀಸರನ್ನು ಕರೆಯುತ್ತಾನೆಂದು ಹೆದರಿ, ಓಡಿದರೆ ಇಳಿಯಬೇಕಾದ ಮೆಟ್ಟಿಲುಗಳನ್ನು ನಾನು ಲೆಕ್ಕ ಹಾಕುತ್ತಿದ್ದೆ. ಮೈಕ್ ಗಡ್ಡ ಕೆರೆದುಕೊಂಡು ಕೇಳಿದ: "ಹೌ ಮೆನಿ ಏಕರ್ಸ್?"

"ಟೂ ಹಂಡ್ರೆಡ್ ಅಂಡ್ ಟೆನ್."

ಅವನು ಉದ್ದಕ್ಕೊಂದು ಸಿಳ್ಳೆ ಹಾಕಿದ. ಬೂಟು ಮೆಟ್ಟಿ ಬಂದು ಟ್ರಕ್ ತೆಗೆದ. ಕುರ್ಚಿಯನ್ನು ತಾನೇ ತಂದಿಟ್ಟು, ಟವೆಲ್ಲನ್ನೂ ನೆಟ್ಟಗೆ ಮಾಡಿದ.

ಕೆಲವು ವರ್ಷಗಳ ಮೇಲೆ ಕೆಲಸ ಅಂಕಲ್‌ರನ್ನು ದೂರದ ಆಬರ್ನ್ ಹಿಲ್ಸ್‌ಗೂ ನನ್ನನ್ನು ಅದೇ ಸೀಮೆಯ ಸೌತ್‌ಫೀಲ್ಡಿಗೂ ಕೊಂಡೊಯ್ಯಿತು. ಅಲ್ಲಿನ ಅಪಾರ್ಟ್‌ಮೆಂಟುಗಳ ಪಾರ್ಕಿಂಗ್ ಎಂದರೆ ನಮ್ಮೂರಿನ ಜಾನುವಾರು ಜಾತ್ರೆ ಸೇರುವಷ್ಟು ಬಯಲು. ಬೆಳಗಾಗುವುದರೊಳಗೆ ಟ್ರಾಕ್ಟರ್ ಬಂದು ಹಿಮ ತಳ್ಳಿ ಹೋಗುತ್ತದೆ. "ಎಲ್ಲಿ ಬೇಕಾದ್ರೂ ನಿಲ್ಲಿಸಬಹುದು ಅಂಕಲ್!" ಎಂದೆ, ಖುಷಿಯಿಂದ. ಅವರ ಮುಖ ಬಾಡಿತು.

"ಎಲ್ಲಾ ಕಡೆ ನಿಲ್ಲಸಬಹುದು ಅಂದ್ರ, ಯಾವದೂ ನಂದಲ್ಲ ಅಂತ ಆತಲ್ರಿ?"

ಮರುದಿನದಿಂದ ಅವರು ಟ್ರಾಕ್ಟರಿಗಿಂತ ಮೊದಲೇ ಎದ್ದು ಒಂದು ಜಾಗದ ಹಿಮ ತೆಗೆದು ಕುರ್ಚಿ ಇಡತೊಡಗಿದರು. ಸುತ್ತ ನೂರು ಜಾಗ ಖಾಲಿ. ನಡುವೆ ಟವೆಲ್ ಹೊದ್ದ ಒಂದು ಕುರ್ಚಿ. ಅಪಾರ್ಟ್‌ಮೆಂಟಿನ ಆಫೀಸಿನಿಂದ ಕಾಗದ ಬಂತು: ಪಾರ್ಕಿಂಗಿನಲ್ಲಿ ಪೀಠೋಪಕರಣ ಇಡುವಂತಿಲ್ಲ. ಮೂರನೆಯ ಕಾಗದದಲ್ಲಿ ನೇರವಾಗಿಯೇ ಬರೆದಿದ್ದರು: ಕುರ್ಚಿ ಹೋಗಬೇಕು, ಇಲ್ಲವಾದರೆ ಲೀಸ್ ಮುಂದುವರಿಯದು. ಆಫೀಸಿನ ಹುಡುಗಿ ಒಳ್ಳೆಯವಳು. ಸ್ವಲ್ಪ ಹೆಚ್ಚು ಬಾಡಿಗೆ ಕೊಟ್ಟರೆ ನಂಬರು ಹಾಕಿದ, ಮಾಡು ಇರುವ ಜಾಗವನ್ನೇ ಕೊಡುತ್ತೇನೆಂದಳು.

"ತಗೊಂಡುಬಿಡಿ ಅಂಕಲ್," ಎಂದೆ.

"ಬಾಡಗಿ ಕೊಟ್ರ ಅದೂ ಬಾಡಗೀದು," ಎಂದರು. "ಒಂಬತ್ತು ಮನಿ ಬಾಡಗೀವು. ಅದೊಂದು ಬ್ಯಾಡ."

ಲೀಸ್ ಮುಗಿಯಿತು. ಅವರು ನಿವೃತ್ತಿ ತೆಗೆದುಕೊಂಡು ಅದೇ ಹಳೆಯ ಚಿಕಾಗೋ ಕಟ್ಟಡಕ್ಕೆ ಮರಳಿದರು. ಸಾಮಾನು ತುಂಬಿದ ಟ್ರಕ್ಕಿನ ಬಳಿ ನಿಂತು ಅವರ ಹೆಂಡತಿ, ನಮ್ಮ ಆಂಟಿ, ನನಗೆ ಹೇಳಿದರು: "ಕುರ್ಚಿ ಸಲುವಾಗಿ ಪಕ್ಷಾ ಬಿಟ್ಟವರನ್ನ ಭಾಳ ಮಂದಿ ನೋಡೀನಿ. ಮನಿ ಬಿಟ್ಟವರು ಇವರೊಬ್ಬರ."

ಆ ಜನವರಿಯಲ್ಲಿ ಅವರನ್ನು ನೋಡಲು ಹೋದೆ. ಇನ್ನೂರ ಎಂಬತ್ತು ಮೈಲಿ ಡ್ರೈವ್ ಮಾಡಿ ಬೀದಿ ತಿರುಗಿದರೆ, ಅವರ ಕಾರಿನ ಪಕ್ಕದಲ್ಲಿ ಹೊಸದಾಗಿ ತೆಗೆದ ಇನ್ನೊಂದು ಜಾಗ. ಅದರ ನಡುವೆ ಅದೇ ಕುರ್ಚಿ. ಕುರ್ಚಿಯ ಮೇಲೆ ಖುದ್ದು ಇನಾಮದಾರರು, ಕೈಯಲ್ಲಿ ಥರ್ಮಾಸ್ ಚಹಾ. "ಬರ್ರಿ ಮೈಸೂರು, ನಿಮಗೊಂದು ಇನಾಮು ಬಿಟ್ಟೀನಿ," ಎಂದು ಎದ್ದು ಕುರ್ಚಿ ಮಡಚಿದರು. ನಾನು ಅವರನ್ನು ನೋಡಿದ್ದು ಅದೇ ಕೊನೆ. ಬೇಸಿಗೆಯಲ್ಲಿ ನಿದ್ದೆಯಲ್ಲೇ ಹೋದರು.

ಮುಂದಿನ ಚಳಿಗಾಲ ಆಂಟಿಯನ್ನು ಮಾತಾಡಿಸಲು ಹೋದಾಗ ಹಿಮ ಸುರಿದು ನಿಂತಿತ್ತು. ಬೀದಿಯನ್ನು ಮೂರು ಸುತ್ತು ಹಾಕಿದೆ. ಎಲ್ಲೂ ಜಾಗವಿಲ್ಲ. ಅವರ ಕಟ್ಟಡದ ಎದುರು ಮಾತ್ರ ಹದಿನೆಂಟು ಅಡಿ, ಡಾಂಬರು ಕಾಣುವಂತೆ ನುಣ್ಣಗೆ ತೆಗೆದದ್ದು. ನಡುವೆ ಕುರ್ಚಿ, ಟವೆಲ್. ಪಕ್ಕದಲ್ಲಿ ಮೈಕ್ ಸಲಿಕೆಗೆ ಒರಗಿ ಉಸಿರು ಬಿಡುತ್ತಿದ್ದ. ಆಂಟಿಗೆ ಡ್ರೈವಿಂಗ್ ಬರುವುದಿಲ್ಲ; ಆ ಮನೆಗೆ ಈಗ ಕಾರೇ ಇಲ್ಲ. ಅವನು ನನ್ನನ್ನು ಗುರುತಿಸಿ ತಲೆಯಾಡಿಸಿದ. ಕುರ್ಚಿಯನ್ನು ಮಾತ್ರ ಮುಟ್ಟಲಿಲ್ಲ.

ಅರ್ಧ ಮೈಲಿ ಆಚೆ ಕಾರು ನಿಲ್ಲಿಸಿ, ಎರಡು ಸಲ ಜಾರಿ, ನಡೆದು ಬಂದೆ.

"ಇಷ್ಟ್ಯಾಕ ಒದ್ದಿ ಆಗೀರಿ?" ಎಂದರು ಆಂಟಿ. "ಕೆಳಗ ಜಾಗಾ ಇತ್ತಲ್ರಿ?"

"ಕುರ್ಚಿ ಇತ್ತು, ಆಂಟಿ."

"ಹೌದಲ್ಲ," ಎಂದು ಅವರು ಚಹಾಕ್ಕೆ ನೀರಿಟ್ಟರು.