ಏನೂ ಇಲ್ರೀ ಎಂದವನು ನಾನು

ದಾವಣಗೆರೆ ಜಿಲ್ಲೆಯಾದ ಮರುವರ್ಷದ ಮಾತು. ದೊಡ್ಡಮ್ಮನ ಕಣ್ಣಿನ ಪೊರೆಯ ಆಪರೇಷನ್ ಅಷ್ಟರಲ್ಲಿ ಎರಡು ಸಲ ಮುಂದಕ್ಕೆ ಹೋಗಿತ್ತು. ಹರಿಹರದ ಮನೆಯಲ್ಲಿ ಸರಿಯಾಗಿರುತ್ತಿದ್ದ ಬಿ.ಪಿ. ದಾವಣಗೆರೆಯ ಆಸ್ಪತ್ರೆಯ ಮೆಟ್ಟಿಲು ಹತ್ತುವಾಗಲೇ ಏರುತ್ತಿತ್ತು. ಹೆದರಿಕೆ ಇಳಿಯಲೆಂದು ಕೊಟ್ಟ ಗುಳಿಗೆ ನುಂಗಿದರೆ ವಾಂತಿ.

ಮೂರನೆಯ ಸಲ ಡಾಕ್ಟರು ಹೊಸದಾಗಿ ತರಿಸಿದ್ದ ಪೆಟ್ಟಿಗೆಯೊಂದನ್ನು ತೋರಿಸಿದರು. ಅದಕ್ಕೆ ತಂತಿ ಸುತ್ತಿದ, ರೊಟ್ಟಿಯಗಲದ ಎರಡು ಬಿಲ್ಲೆಗಳು. ಕರೆಂಟು ಹರಿದರೆ ಅಯಸ್ಕಾಂತವಾಗುತ್ತವೆ, ಹೆಗಲ ಮೇಲಿಟ್ಟುಕೊಂಡು ಇಪ್ಪತ್ತು ನಿಮಿಷ ಮಲಗಿದರೆ ಗುಳಿಗೆಯಿಲ್ಲದೆ ಗಾಬರಿ ಇಳಿಯುತ್ತದೆ ಎಂದರು.

"ಅಜ್ಜಿ, ಕೊರಳಾಗಿಂದು ತೆಗೀರಿ. ಲೋಹ ಇರಂಗಿಲ್ಲ," ಎಂದಳು ನರ್ಸು.

ದೊಡ್ಡಮ್ಮ ಇಷ್ಟಲಿಂಗವಿದ್ದ ಬೆಳ್ಳಿ ಕರಡಿಗೆಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ಇದು ಮಣ್ಣಿಗೂ ನನ್ ಜೊತೀಗೆ ಬರೋದವ್ವ. ನಿನ್ನ ಪೆಟ್ಟಿಗಿ ಸಲುವಾಗಿ ತೆಗೀಲಾ?"

ಬಿ.ಎಸ್ಸಿ. ಓದಿದ್ದ ನಾನು ನಡುವೆ ನುಗ್ಗಿದೆ. ಬೆಳ್ಳಿಯನ್ನು ಅಯಸ್ಕಾಂತ ಸೆಳೆಯುವುದಿಲ್ಲ ಎಂದು ವಾದಿಸಿದೆ.

"ಪಾಠ ಕಾಲೇಜ್ನಾಗೆ ಮಾಡ್ರಿ ಮೇಷ್ಟ್ರೇ," ಎಂದು ನರ್ಸು ಚುಚ್ಚಿದಳು. ನಾನು ಬಿಡಲಿಲ್ಲ. ಕೊನೆಗೆ ಡಾಕ್ಟರೇ ನಕ್ಕು, "ಇರ್ಲಿ ಬಿಡಮ್ಮ, ಬೆಳ್ಳಿ ತಾನೆ? ಬೇರೆ ಏನೂ ಇಲ್ಲ ಅಲ್ವಾ?" ಎಂದರು.

"ಏನೂ ಇಲ್ರೀ," ಎಂದೆ. ಗೆದ್ದ ಖುಷಿಯಲ್ಲಿದ್ದೆ.

ಪೆಟ್ಟಿಗೆ ಗುಂಯ್‌ಗುಟ್ಟಿತು. ದೊಡ್ಡಮ್ಮ ಸೊಸೆಯ ಅಡಿಗೆಯನ್ನು ಆಡಿಕೊಳ್ಳುತ್ತಿದ್ದಳು. "ಅವಳು ಮಾಡಿದ ಸಾರು..." ಎಂದವಳ ಮಾತು ಅಲ್ಲೇ ನಿಂತಿತು. ಕಣ್ಣುಗುಡ್ಡೆ ಮೇಲಕ್ಕೆ ಹೋಯಿತು. ತುಟಿ ಬೂದಿಯ ಬಣ್ಣಕ್ಕೆ ತಿರುಗಿತು.

"ಸರ್, ನಾಡಿ ಸಿಗ್ತಿಲ್ಲ!"

ಡಾಕ್ಟರು ಬಿಲ್ಲೆಗಳನ್ನು ಕಿತ್ತು ಎಸೆದರು. ಎದೆ ಪರೀಕ್ಷಿಸಲು ಸೆರಗು ಸರಿಸಿ ಕರಡಿಗೆ ಎತ್ತಿದರೆ, ಎಡಗಡೆ ಕೊರಳೆಲುಬಿನ ಕೆಳಗೆ ಬೆಂಕಿಪೊಟ್ಟಣದಂಥ ಉಬ್ಬು. ಅದರ ಮೇಲೊಂದು ಹೊಲಿಗೆಯ ಗೆರೆ.

ಪೇಸ್‌ಮೇಕರ್. ಅದಿಲ್ಲದೆ ಅವಳ ಗುಂಡಿಗೆ ನೆಟ್ಟಗೆ ಬಡಿಯುತ್ತಿರಲಿಲ್ಲ. ಮೂರು ವರ್ಷದ ಹಿಂದೆ ಬೆಂಗಳೂರಿಗೆ ಕರೆದುಕೊಂಡು ಹೋಗಿ ಅದನ್ನು ಹಾಕಿಸಿದವನು ನಾನೇ. ಅಲ್ಲಿ ಕೊಟ್ಟ ಕಾರ್ಡು ನನ್ನ ಪರ್ಸಿನಲ್ಲಿಯೇ ಇತ್ತು. ಬಲವಾದ ಅಯಸ್ಕಾಂತದ ಹತ್ತಿರ ಹೋಗಬಾರದು ಎಂದು ಅದರಲ್ಲಿದ್ದುದನ್ನು ಅವಳಿಗೆ ಕನ್ನಡದಲ್ಲಿ ಓದಿ ಹೇಳಿದವನೂ ನಾನೇ. ಅರ್ಧ ಗಂಟೆ ಲೋಹ, ಲೋಹ ಎಂದು ಜಗಳವಾಡಿದೆ. ಕಣ್ಣೆದುರಿಗಿದ್ದ ಕರಡಿಗೆ ಬಿಟ್ಟು ಮತ್ತೇನೂ ನನ್ನ ತಲೆಗೆ ಬರಲಿಲ್ಲ.

ನಾಡಿ ಮರಳಿತು. ಎಷ್ಟು ಹೊತ್ತಿಗೆ ಎಂದು ಕೇಳಿದರೆ ಈಗಲೂ ಹೇಳಲಾರೆ.

"ಯಾಕ ಹಿಂಗ್ ನಿಂತೀರಿ ಎಲ್ರೂ? ಆಪರೇಷನ್ ಆತಾ?" ಎಂದಳು ದೊಡ್ಡಮ್ಮ.

ಡಾಕ್ಟರು ಆ ಉಬ್ಬಿನತ್ತ ಬೆರಳು ತೋರಿಸಿದರು. "ಎದ್ಯಾಗೆ ಮಿಷನ್ ಐತೆ ಅಂತ ಯಾಕಮ್ಮ ಹೇಳ್ಲಿಲ್ಲ?"

"ಓದಿದ ಮಗ ಪಕ್ಕದಾಗೇ ಇದ್ದನಲ್ರೀ. ಹೇಳೋದಿದ್ರೆ ಅವ್ನೇ ಹೇಳ್ತಾನೆ ಅಂತ ಸುಮ್ನಿದ್ದೆ."

ನನ್ನನ್ನು ದೂರಲು ಆಡಿದ ಮಾತಲ್ಲ ಅದು. ದೂರಿದ್ದರೆ ತಡೆದುಕೊಳ್ಳಬಹುದಿತ್ತು. ಆ ದಿನ ಸಂಜೆಯವರೆಗೆ ಮಂಚದ ಪಕ್ಕ ಅವಳ ಮಣಿಕಟ್ಟು ಹಿಡಿದು ಕೂತೆ. ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವೆ ಉಸಿರು ಬಿಗಿಹಿಡಿಯುತ್ತಿದ್ದೆ.

"ಬಿಡೋ ಸಾಕು, ಕೈ ಜೋಮು ಹಿಡೀತು," ಎಂದಳು. ನಾನು ಬಿಡಲಿಲ್ಲ.